ಇಬ್ಬರ ಮನೆಯೂ ತವರೇ ಆದರೆ

ಸಂತೆಕಲ್ಲೂರು, ಮಸ್ಕಿ, ಸಿಂಧನೂರು ಕಡೆಯ ಜಾತ್ರೆಗಳಲ್ಲಿ ರಾತ್ರಿ ಹೊತ್ತು ಆಡುವ ಸಾಮಾಜಿಕ ನಾಟಕಗಳ ಕಥೆ ಯಾವುದೇ ಇರಲಿ, ಹಾಸ್ಯದ ಜೋಡಿ ಇರಲೇಬೇಕು. ಗಂಡು ಪಾತ್ರಕ್ಕೆ ಊರ ಹುಡುಗರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆಯರು, ಪಕ್ಕದಲ್ಲಿ ಹಾರ್ಮೋನಿಯಂ ಮಾಸ್ತರು. ನಾಯಕ, ನಾಯಕಿ ಅಳುವುದಕ್ಕಿದ್ದರೆ ಹಾಸ್ಯದ ಜೋಡಿ ಇರುವುದು ಸಂಸಾರ ಹೂಡಲು ಒದ್ದಾಡುವುದಕ್ಕೆ. ಮನೆಯವರ ಕಣ್ಣು ತಪ್ಪಿಸುವುದು, ಅತ್ತೆಯ ಬಾಯಿ, ಮಗುವಾಗಲಿಲ್ಲವೆಂಬ ಮಾತು, ಕಚೇರಿಯ ಗುಮಾಸ್ತ. ಹೆಣ್ಣನ್ನು ಪ್ರೀತಿಸಿದ ಹೆಣ್ಣು ಅವಳ ಜೊತೆ ಮನೆ ಮಾಡಿ ಮಗು ಬಯಸಿದರೆ ಎದುರಾಗುವುದೂ ಇವೇ. ಹೀಗಿದ್ದೂ ನಮ್ಮ ನಗೆಯ ಪರಂಪರೆ ಆ ಕಡೆ ಕಣ್ಣೆತ್ತಿ ನೋಡಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ರಂಗದಿಂದ ತೆರೆಗೆ ಬಂದದ್ದು 1974ರಲ್ಲಿ. ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡಿದ್ದು ಎಲ್ಲರಿಗೂ ನೆನಪಿದೆ. ಆ ಚಿತ್ರದ ಲವಲವಿಕೆ ಇವತ್ತಿಗೂ ಮಾಸಿಲ್ಲ, ನಿಜ. ಆದರೆ ಅದರ ನಗು ನಿಂತಿರುವುದು ಮಂಜುಳಾ ಪಾತ್ರದ ಸೊಕ್ಕು ಗಂಡಿನ ಕೈಯಲ್ಲಿ ಇಳಿಯುವುದರ ಮೇಲೆ. ತನ್ನಿಷ್ಟದಂತೆ ನಡೆಯುವ ಹೆಣ್ಣು ನಮ್ಮ ಹಾಸ್ಯಕ್ಕೆ ಪಳಗಿಸಬೇಕಾದ ಪ್ರಾಣಿ. ಇನ್ನೊಂದು ಚಾಳಿ, ನಡಿಗೆಯೋ ದನಿಯೋ ತುಸು ಮೆದುವಾದ ಗಂಡಸನ್ನು ಕಂಡರೆ ಸಾಕು ನಗುವುದು. ಇದನ್ನು ನಮ್ಮ ಸಿನಿಮಾ ದಶಕಗಟ್ಟಲೆ ನಾಚಿಕೆಯಿಲ್ಲದೆ ಮಾರಿದೆ.

ಇದೇ ರಂಗಭೂಮಿ ಬೇರೊಂದು ದಾರಿಯನ್ನೂ ಕಂಡಿತ್ತು. ಆರ್. ನಾಗರತ್ನಮ್ಮ 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ಭೀಮನಂಥ ಪಾತ್ರಗಳನ್ನು ಅವರೇ ಹಾಕುತ್ತಿದ್ದರು. ಅಲ್ಲಿ ರಾಜನೂ ಹೆಣ್ಣು, ರಾಣಿಯೂ ಹೆಣ್ಣು. ಜನ ಟಿಕೆಟ್ ಕೊಂಡು ನೋಡಿದರು, ಸರ್ಕಾರ 2012ರಲ್ಲಿ ಪದ್ಮಶ್ರೀ ಕೊಟ್ಟಿತು. ವೇಷವೆಂದು ಒಪ್ಪಿದ್ದನ್ನು ಬದುಕೆಂದು ಒಪ್ಪಲು ಮಾತ್ರ ನಮಗೆ ಆಗಲಿಲ್ಲ.

ಸಿನಿಮಾ ಅಂಥ ಬದುಕಿನ ಲೋಕಕ್ಕೆ ಕಾಲಿಟ್ಟಾಗಲೂ ಮುಖ ಗಂಟಿಕ್ಕಿಕೊಂಡೇ ಬಂತು. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ (2015) ಲಿಂಗ ಬದಲಾವಣೆಯ ಕಥೆ. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಅಭಿನಯ ಅದರಲ್ಲಿತ್ತು, ಆ ಗೌರವ ಸಲ್ಲಲೇಬೇಕಿತ್ತು. ಇಬ್ಬರು ಹುಡುಗಿಯರ ಪ್ರೀತಿಯ ‘ಬೆಸ್ಟ್ ಫ್ರೆಂಡ್ಸ್’ ಆಮೇಲೆ ಬಂತು. ಅದೂ ಗಂಭೀರ ಕಥನವೇ. ಇವು ಹುಟ್ಟಿಸುವ ಕರುಣೆಗೂ ಒಂದು ಮಿತಿ ಇದೆ. ಯಾರನ್ನು ಕಂಡು ಅಯ್ಯೋ ಎನ್ನುತ್ತೇವೋ ಅವರನ್ನು ಪಕ್ಕದ ಮನೆಗೆ ಬಾಡಿಗೆಗೆ ಸೇರಿಸಿಕೊಳ್ಳುವುದಿಲ್ಲ.

ಹಿಂದಿಯ ‘ಬಧಾಯಿ ದೋ’ (2022) ಈ ಗಂಟನ್ನು ನಗುತ್ತಲೇ ಬಿಚ್ಚಿತು. ಗಂಡನ್ನು ಪ್ರೀತಿಸುವ ಪೊಲೀಸ್ ಅಧಿಕಾರಿ, ಹೆಣ್ಣನ್ನು ಪ್ರೀತಿಸುವ ಶಿಕ್ಷಕಿ, ಮನೆಯವರ ಬಾಯಿ ಮುಚ್ಚಿಸಲು ಮದುವೆಯಾಗುತ್ತಾರೆ. ಅವಳಿಗೆ ಮಗು ಬೇಕು, ದತ್ತು ಸಿಗಬೇಕಾದರೆ ಆ ಸುಳ್ಳು ಮದುವೆಯೇ ಆಸರೆ. ಅಮೆರಿಕದ ‘ದಿ ವೆಡ್ಡಿಂಗ್ ಬ್ಯಾಂಕ್ವೆಟ್’ನ 2025ರ ಹೊಸ ರೂಪದಲ್ಲೂ ಹಾಗೇ. ಕೃತಕ ಗರ್ಭಧಾರಣೆಯ ಖರ್ಚಿಗಾಗಿ ಹೆಣ್ಣುಜೋಡಿಯೊಂದು ಸುಳ್ಳು ಮದುವೆಯ ವ್ಯಾಪಾರಕ್ಕಿಳಿಯುತ್ತದೆ. ಎರಡರಲ್ಲೂ ನಗೆಗೆ ಗುರಿಯಾಗುವುದು ಪ್ರೀತಿಸಿದವರಲ್ಲ, ಅವರು ದಾಟಬೇಕಾದ ಶಾಸ್ತ್ರ ಮತ್ತು ಕಾಗದಪತ್ರ.

ಕಾಗದಪತ್ರದ ವಿಷಯದಲ್ಲಿ ನಮ್ಮ ದೇಶ ಹಾಸ್ಯಕಾರನಿಗೆ ಏನೂ ಕಡಿಮೆ ಮಾಡಿಲ್ಲ. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸಲಿಂಗ ಪ್ರೀತಿ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕಿಲ್ಲವೆಂದಿತು. ಜೋಡಿಯಾಗಿ ದತ್ತು ಪಡೆಯುವ ಹಕ್ಕು ನ್ಯಾಯಮೂರ್ತಿಗಳ ಮೂರು-ಎರಡರ ಬಹುಮತದಲ್ಲಿ ಬಿದ್ದುಹೋಯಿತು. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾಯ್ದೆಯಡಿ ಒಂಟಿ ಹೆಣ್ಣು ಚಿಕಿತ್ಸೆ ಪಡೆಯಬಹುದು. ಒಂಟಿ ಹೆಣ್ಣಿಗೆ ದತ್ತೂ ಸಿಗುತ್ತದೆ. ಅಂದರೆ ಒಬ್ಬಳು ತಾಯಿಯಾದಾಳು, ಜೊತೆಯವಳು ಕಾಗದದ ಮೇಲೆ ಯಾರೂ ಅಲ್ಲ. ಕಂಪನಿ ನಾಟಕದ ಯಾವ ಗುಮಾಸ್ತನೂ ಇಷ್ಟು ಒಳ್ಳೆಯ ದೃಶ್ಯ ಕಟ್ಟಿಕೊಟ್ಟಿಲ್ಲ.

ಗಂಡನಿಲ್ಲದ ಮನೆ ನಮ್ಮ ಭಾಗಕ್ಕೆ ಹೊಸತೂ ಅಲ್ಲ. ದೇವರ ಹೆಸರಲ್ಲಿ ಬಿಟ್ಟ ಹೆಣ್ಣುಮಕ್ಕಳ ಸಂಸಾರಗಳನ್ನು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆ ಕಂಡಿದೆ. ಹಾಗೆ ಬಿಡುವುದು ಶೋಷಣೆ, ಅದನ್ನು ತಡೆಯಲು 1982ರಲ್ಲಿ ಕಾನೂನೂ ಬಂತು. ಆ ಮನೆಗಳ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದ ಮುಂದೆ ಪಟ್ಟ ಪಾಡನ್ನು ತಮಾಷೆ ಅನ್ನುವ ಧೈರ್ಯ ನನಗಿಲ್ಲ. ಆದರೆ ಆ ಜಾಗವನ್ನು ಖಾಲಿ ಬಿಡಲೊಪ್ಪದ ಕಚೇರಿಯನ್ನು ನಾಟಕ ಚೆನ್ನಾಗಿ ಗೇಲಿ ಮಾಡಬಹುದಿತ್ತು.

ಹೆಣ್ಣುಜೋಡಿಯ ಇಂಥ ಹಾಸ್ಯವೊಂದು ನಮ್ಮಲ್ಲಿ ಹುಟ್ಟುವುದಾದರೆ ಕುಬಸದ ದೃಶ್ಯದಲ್ಲೇ ಹುಟ್ಟಬೇಕು. ಬಸುರಿಗೆ ಹಸಿರು ಸೀರೆ ತರುವವರು ತವರಿನವರು, ಚೊಚ್ಚಲ ಬಾಣಂತನವೂ ತವರಲ್ಲೇ. ಈ ಜೋಡಿಗೋ ಇಬ್ಬರ ಮನೆಯೂ ತವರು. ಬೀಗರ ಮರ್ಯಾದೆ ಯಾರಿಗೆ? ‘ನಮ್ಮದು ಹೆಣ್ಣಿನ ಕಡಿ, ನಾವ್ಯಾಕ ತಗ್ಗಿ ನಡೀಬೇಕು’ ಎಂದು ಒಬ್ಬ ತಾಯಿ, ‘ನಮ್ಮದೂ ಹೆಣ್ಣಿನ ಕಡೀನ ಐತೆವ್ವ’ ಎಂದು ಇನ್ನೊಬ್ಬಳು. ಜಗಳ ತಾರಕಕ್ಕೇರಿದರೂ ಉಡಿ ತುಂಬಲು ಯಾರೂ ಹಿಂದೆ ಸರಿಯರು, ಮೊಮ್ಮಗು ಬೇಕಲ್ಲ!

ಜಾತ್ರೆಗೆ ನಾಟಕ ಬರೆಯುವ ಮಾಸ್ತರರಲ್ಲಿ ಒಂದು ಕೋರಿಕೆ. ಹಾಸ್ಯದ ಜೋಡಿಯ ಜಾಗದಲ್ಲಿ ಪ್ರೀತಿಸಿ ಮನೆ ಮಾಡಿದ ಇಬ್ಬರು ಹೆಣ್ಣುಮಕ್ಕಳನ್ನು ಒಮ್ಮೆ ನಿಲ್ಲಿಸಿ ನೋಡಿ. ಕೊನೆಯ ಅಂಕದಲ್ಲಿ ಭಾಷಣ ಮಾತ್ರ ಬೇಡ, ಜನ ಎದ್ದು ಹೋಗುತ್ತಾರೆ.