ಮುಯ್ಯಿ ಕೇಳದ ನೆರೆಹೊರೆ: ಗುಜ್ರಾಲ್ ಸಿದ್ಧಾಂತ ಉಳಿಸಿಹೋದದ್ದೇನು?

ಎರಡು ವರ್ಷವೂ ತುಂಬದ ಅಧಿಕಾರಾವಧಿ. ಲೋಕಸಭೆಯಲ್ಲಿ ಸ್ವಂತ ಬಲವಿಲ್ಲದೆ ಹೊರಗಿನ ಬೆಂಬಲದ ಮೇಲೆ ನಿಂತ ಸರ್ಕಾರ. ಇಂಥ ಅಲುಗಾಡುವ ನೆಲೆಯಲ್ಲಿ ಹುಟ್ಟಿದ ವಿದೇಶಾಂಗ ನೀತಿಯೊಂದು ಮೂರು ದಶಕ ಕಳೆದರೂ ಹೊಗಳಿಕೆ, ಬೈಗುಳ ಎರಡಕ್ಕೂ ಗುರಿಯಾಗುತ್ತಲೇ ಇದೆ. ಇಂದರ್ ಕುಮಾರ್ ಗುಜ್ರಾಲ್ 1996ರ ಜೂನ್‌ನಲ್ಲಿ ಎಚ್.ಡಿ. ದೇವೇಗೌಡರ ಸಂಯುಕ್ತ ರಂಗ ಸರ್ಕಾರದ ವಿದೇಶಾಂಗ ಸಚಿವರಾದರು; 1997ರ ಏಪ್ರಿಲ್‌ನಿಂದ 1998ರ ಮಾರ್ಚ್‌ವರೆಗೆ ಪ್ರಧಾನಿಯಾಗಿದ್ದರು. ಅವರ ಹೆಸರಿನ ಸಿದ್ಧಾಂತವನ್ನು ಅಭಿಮಾನಿಗಳು ದೊಡ್ಡ ದೇಶದ ದೊಡ್ಡ ಮನಸ್ಸೆಂದು ಕೊಂಡಾಡುತ್ತಾರೆ. ಟೀಕಾಕಾರರಿಗೆ ಅದು ಕೈಲಾಗದವರ ಸಜ್ಜನಿಕೆ. ಎರಡೂ ತೀರ್ಪುಗಳು ತೂಗುವುದು ಗುಜ್ರಾಲರ ಸ್ವಭಾವವನ್ನು. ಅವರ ಕಾಲದಲ್ಲಿ ಆದ ಕೆಲಸವನ್ನು ತೂಗಿದರೆ ಬೇರೆಯದೇ ಫಲಿತಾಂಶ ಕಾಣುತ್ತದೆ. ಸದ್ಭಾವನೆಯಾಗಿ ಉಳಿದಲ್ಲೆಲ್ಲ ಈ ನೀತಿ ಸೋತಿತು. ಅಂಕಿ, ಅವಧಿ, ಸಮಿತಿಗಳಿರುವ ಕರಾರಾದಲ್ಲಿ ಗೆದ್ದಿತು.

ಮೊದಲು ಸಿದ್ಧಾಂತ ಹೇಳುವುದೇನೆಂದು ನೋಡೋಣ. 1996ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಚಾಥಮ್ ಹೌಸ್‌ನಲ್ಲಿ ಗುಜ್ರಾಲ್ ಐದು ಸೂತ್ರಗಳನ್ನು ಮುಂದಿಟ್ಟರು. ಬಾಂಗ್ಲಾದೇಶ, ಭೂತಾನ್, ಮಾಲ್ದೀವ್ಸ್, ನೇಪಾಳ, ಶ್ರೀಲಂಕಾಗಳಿಂದ ಭಾರತ ಪ್ರತಿಫಲ ಕೇಳದೆ ತನ್ನಿಂದ ಆದಷ್ಟನ್ನು ನಂಬಿಕೆಯಿಂದ ಕೊಡಬೇಕು ಎಂಬುದು ಮೊದಲನೆಯದು. ದಕ್ಷಿಣ ಏಷ್ಯಾದ ಯಾವ ದೇಶವೂ ತನ್ನ ನೆಲವನ್ನು ಇನ್ನೊಂದು ದೇಶದ ವಿರುದ್ಧ ಬಳಸಲು ಬಿಡಬಾರದು. ಒಬ್ಬರ ಆಂತರಿಕ ವಿಷಯದಲ್ಲಿ ಇನ್ನೊಬ್ಬರು ತಲೆ ಹಾಕಬಾರದು. ಪರಸ್ಪರರ ಗಡಿ ಮತ್ತು ಸಾರ್ವಭೌಮತ್ವವನ್ನು ಗೌರವಿಸಬೇಕು. ವ್ಯಾಜ್ಯಗಳನ್ನು ಶಾಂತಿಯಿಂದ, ದ್ವಿಪಕ್ಷೀಯ ಮಾತುಕತೆಯಲ್ಲೇ ಬಗೆಹರಿಸಿಕೊಳ್ಳಬೇಕು ಎಂಬವು ಉಳಿದ ನಾಲ್ಕು.

ಮೊದಲ ಸೂತ್ರದ ಪಟ್ಟಿಯಲ್ಲಿ ಪಾಕಿಸ್ತಾನದ ಹೆಸರಿಲ್ಲ. ಅದು ಮರೆವಲ್ಲ, ಲೆಕ್ಕ. ಪಶ್ಚಿಮದಲ್ಲಿ ಪಾಕಿಸ್ತಾನ, ಉತ್ತರದಲ್ಲಿ ಚೀನಾ ಇರುವಾಗ ಉಳಿದ ನೆರೆಯವರೊಂದಿಗೂ ಮನಸ್ತಾಪ ಇಟ್ಟುಕೊಂಡರೆ ಆ ಇಬ್ಬರ ಪ್ರಭಾವಕ್ಕೆ ನಾವೇ ಬಾಗಿಲು ತೆರೆದಂತೆ ಎಂಬುದು ಗುಜ್ರಾಲರ ವಾದವಾಗಿತ್ತು. ಇದೇ ಸರ್ಕಾರ 1996ರಲ್ಲಿ ಜಿನೀವಾದಲ್ಲಿ ಸಮಗ್ರ ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ಒಮ್ಮತ ಸಿಗದಂತೆ ತಡೆದು, ದೊಡ್ಡ ದೇಶಗಳ ಸಿಟ್ಟು ಕಟ್ಟಿಕೊಂಡಿತ್ತು. ಬಲಾಢ್ಯರ ಮುಂದೆ ಬಗ್ಗದೆ ಸಣ್ಣವರ ಮುಂದೆ ಉದಾರವಾಗಿ ನಡೆದುಕೊಂಡ ಸರ್ಕಾರವನ್ನು ಮೆತ್ತಗಿನದು ಎನ್ನಲು ಬಾರದು.

ಹಾಗೆಂದು ಸಿದ್ಧಾಂತದಲ್ಲಿ ಬಿರುಕಿಲ್ಲ ಎಂದಲ್ಲ. ಮೊದಲ ಸೂತ್ರ ಏನನ್ನೂ ಕೇಳುವುದಿಲ್ಲ. ಎರಡನೆಯದು ಬಹಳ ದೊಡ್ಡದನ್ನೇ ಕೇಳುತ್ತದೆ. ತನ್ನ ನೆಲದಲ್ಲಿ ಭಾರತ ವಿರೋಧಿ ಬಂಡುಕೋರರಿಗೆ ಜಾಗ ಕೊಡಬಾರದು ಎಂದು ಢಾಕಾವನ್ನು ಕೇಳುವುದು ಸಣ್ಣ ಬೇಡಿಕೆಯೇನಲ್ಲ. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಕೊಟ್ಟವರು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ, ಆದರೆ ಪುಸ್ತಕದಲ್ಲಿ ಹೆಸರು, ಮೊತ್ತ ಎರಡೂ ದಾಖಲಾಗಿರುತ್ತವೆ. ಗುಜ್ರಾಲರ ನೀತಿಯೂ ಅಂಥದ್ದೇ. ಕೊಡುವಾಗಲೇ ಮರಳಿ ಕೇಳುವುದಿಲ್ಲ, ಹಾಗೆಂದು ಎಂದೂ ಕೇಳುವುದಿಲ್ಲ ಎಂಬ ಮಾತೂ ಇಲ್ಲ. ಇದನ್ನು ಬಿಚ್ಚಿ ಹೇಳದೇ ಹೋದದ್ದರಿಂದ ದೇಶದೊಳಗೆ ಅದು ದಾನದಂತೆ ಕಂಡಿತು, ನೆರೆಯಲ್ಲಿ ಗುಮಾನಿ ಹುಟ್ಟಿಸಿತು.

ಈ ನೀತಿಯ ನಿಜವಾದ ಪರೀಕ್ಷೆ ನಡೆದದ್ದು ಫರಕ್ಕಾದಲ್ಲಿ. ಹೂಗ್ಲಿ ನದಿಯ ಹೂಳು ಕೊಚ್ಚಿ ಕೋಲ್ಕತ್ತ ಬಂದರನ್ನು ಉಳಿಸಲು ಅಲ್ಲಿ ಗಂಗೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜ್ 1975ರಲ್ಲಿ ಕೆಲಸ ಆರಂಭಿಸಿತು. ಮರುವರ್ಷವೇ ಬಾಂಗ್ಲಾದೇಶದಲ್ಲಿ ಮೌಲಾನಾ ಭಾಸಾನಿ ಫರಕ್ಕಾ ವಿರುದ್ಧ ದೊಡ್ಡ ಜಾಥಾ ನಡೆಸಿದರು. ಢಾಕಾ ಸರ್ಕಾರ ದೂರನ್ನು ವಿಶ್ವಸಂಸ್ಥೆಗೂ ಒಯ್ದಿತು. 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಆಮೇಲೆ ಎರಡು ತಾತ್ಕಾಲಿಕ ತಿಳಿವಳಿಕೆ ಪತ್ರಗಳಲ್ಲಿ ದಿನ ನೂಕಿದ್ದಾಯಿತು. 1988ರಿಂದ 1996ರವರೆಗೆ ಕರಾರೇ ಇರಲಿಲ್ಲ. ಆ ಎಂಟು ವರ್ಷಗಳಲ್ಲಿ ಬಾಂಗ್ಲಾದೇಶದ ಯಾವ ಪಕ್ಷವೇ ಆಗಲಿ ಭಾರತವನ್ನು ಬೈಯಲು ಬೇರೆ ಕಾರಣ ಹುಡುಕಬೇಕಿರಲಿಲ್ಲ.

1996ರ ಡಿಸೆಂಬರ್ 12ರಂದು ದೇವೇಗೌಡ ಮತ್ತು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಸಹಿ ಹಾಕಿದ ಗಂಗಾ ಜಲ ಒಪ್ಪಂದ 30 ವರ್ಷದ್ದು. ಜನವರಿ 1ರಿಂದ ಮೇ 31ರವರೆಗಿನ ಒಣ ಋತುವನ್ನು ಹತ್ತು ಹತ್ತು ದಿನಗಳ ಕಂತುಗಳಾಗಿ ಅದು ಒಡೆಯುತ್ತದೆ. ಫರಕ್ಕಾಕ್ಕೆ ಬರುವ ನೀರು 70,000 ಕ್ಯುಸೆಕ್‌ವರೆಗೆ ಇದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000 ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಮೀರಿದರೆ ಭಾರತಕ್ಕೆ 40,000, ಮಿಕ್ಕದ್ದು ಬಾಂಗ್ಲಾದೇಶಕ್ಕೆ. ಮಾರ್ಚ್ 11ರಿಂದ ಮೇ 10ರವರೆಗಿನ ಕಡುಬೇಸಿಗೆಯಲ್ಲಿ ಒಂದು ಕಂತು ಬಿಟ್ಟು ಒಂದು ಕಂತಿನಂತೆ ಇಬ್ಬರಿಗೂ 35,000 ಕ್ಯುಸೆಕ್ ಖಾತರಿ. ಫರಕ್ಕಾದಲ್ಲೂ ಬಾಂಗ್ಲಾದೇಶದ ಹಾರ್ಡಿಂಜ್ ಸೇತುವೆಯಲ್ಲೂ ಎರಡು ದೇಶಗಳ ಎಂಜಿನಿಯರುಗಳು ಜಂಟಿಯಾಗಿ ನೀರು ಅಳೆಯುತ್ತಾರೆ. ಪರಾಮರ್ಶೆಯ ವೇಳೆ ಒಮ್ಮತ ಮೂಡದಿದ್ದರೆ, ಮೂಡುವವರೆಗೆ ಬಾಂಗ್ಲಾದೇಶದ ಪಾಲಿನ ಕನಿಷ್ಠ ಶೇ 90ರಷ್ಟನ್ನಾದರೂ ಭಾರತ ಬಿಡಬೇಕು.

ಕಾವೇರಿ ಜಗಳವನ್ನು ಕಂಡುಂಡ ಕನ್ನಡಿಗರಿಗೆ ಈ ಅಂಕಿಗಳ ಬೆಲೆ ಬೇರೆಯವರಿಗಿಂತ ಬೇಗ ತಿಳಿಯುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ನದಿ ಹಂಚಿಕೆ ಯಾರಿಗೂ ತಲೆನೋವಲ್ಲ. ಕೆಆರ್‌ಎಸ್ ಬರಿದಾದ ವರ್ಷ ಸಂಕಷ್ಟ ಸೂತ್ರ ಇಲ್ಲದಿದ್ದರೆ ನ್ಯಾಯಾಲಯ, ಬಂದ್, ಕಲ್ಲುತೂರಾಟ. ಮೇಲ್ಭಾಗದ ರಾಜ್ಯದ ಮುಖ್ಯಮಂತ್ರಿಯಾಗಿ ಆ ಒತ್ತಡ ಉಂಡಿದ್ದ ದೇವೇಗೌಡರೇ ದೇಶದ ಪ್ರಧಾನಿಯಾಗಿ ಕೆಳಭಾಗದ ದೇಶಕ್ಕೆ ಬರಗಾಲದ ಲೆಕ್ಕವನ್ನು ಮೊದಲೇ ಬರೆದುಕೊಟ್ಟರು. ಗಂಗಾ ಒಪ್ಪಂದ ಎಲ್ಲರಿಗೂ ಇಷ್ಟವಾದದ್ದಲ್ಲ, ಆದರೆ ಕಷ್ಟದ ತಿಂಗಳುಗಳನ್ನೇ ಅದು ಮೊದಲು ಕೈಗೆತ್ತಿಕೊಂಡಿತು. ಮುಂದೆ ಢಾಕಾದಲ್ಲಿ ಭಾರತಕ್ಕೆ ಹತ್ತಿರವಲ್ಲದ ಸರ್ಕಾರ ಬಂತು, ಹೋಯಿತು. 2004ರ ಏಪ್ರಿಲ್‌ನಲ್ಲಿ ಚಿತ್ತಗಾಂಗ್‌ನಲ್ಲಿ ಹತ್ತು ಟ್ರಕ್ ಶಸ್ತ್ರಾಸ್ತ್ರ ಸಿಕ್ಕಿಬಿದ್ದ ಕಹಿ ಕಾಲವೂ ಬಂತು. ನೀರಿನ ಕರಾರು ಮಾತ್ರ ಮುರಿಯಲಿಲ್ಲ.

ಲೋಪಗಳೂ ಸಣ್ಣವಲ್ಲ. ಒಪ್ಪಂದದ ಅಂದಾಜು ನಿಂತಿರುವುದು 1949ರಿಂದ 1988ರವರೆಗಿನ ಸರಾಸರಿ ಹರಿವಿನ ಮೇಲೆ. ಮೇಲ್ಭಾಗದ ರಾಜ್ಯಗಳಲ್ಲಿ ನೀರಾವರಿ ಹೆಚ್ಚಿದಂತೆ ಆ ಸರಾಸರಿ ಹಳೆಯ ಕಾಲದ ನೆನಪಾಯಿತು. 1977ರ ಕರಾರಿನಲ್ಲಿ ಬಾಂಗ್ಲಾದೇಶಕ್ಕೆ ಅದರ ಪಾಲಿನ ಶೇ 80ರಷ್ಟಾದರೂ ಸಿಗುವ ಭರವಸೆಯಿತ್ತು. 1996ರದ್ದರಲ್ಲಿ ಹರಿವು 50,000 ಕ್ಯುಸೆಕ್‌ಗಿಂತ ಕೆಳಗಿಳಿದರೆ ಕೂಡಲೇ ಸಮಾಲೋಚನೆ ನಡೆಸಬೇಕು ಎಂದಷ್ಟೇ ಇದೆ. ಉಳಿದ ನದಿಗಳಿಗೂ ಒಪ್ಪಂದ ಮಾಡಿಕೊಳ್ಳುತ್ತೇವೆ ಎಂಬ ಮಾತು ಒಂಬತ್ತನೆಯ ವಿಧಿಯಲ್ಲಿದೆ. ಎರಡು ದೇಶ ಹಂಚಿಕೊಳ್ಳುವ ನದಿಗಳು 54. ಮುಂದಿನ ಕಾಲು ಶತಮಾನದಲ್ಲಿ ಆದದ್ದು ಫೇನಿ ಮತ್ತು ಕುಶಿಯಾರಾ ನದಿಗಳ ಪುಟ್ಟ ತಿಳಿವಳಿಕೆ ಪತ್ರಗಳು ಮಾತ್ರ.

ಕಾರಣ ಹುಡುಕಿದರೆ ಸಿದ್ಧಾಂತದ ದೊಡ್ಡ ಕುರುಡು ಎದುರಾಗುತ್ತದೆ. ದೆಹಲಿ ಕೊಡುತ್ತದೆ ಎಂದು ಅದು ಹೇಳುತ್ತದೆ, ಆದರೆ ಕಳೆದುಕೊಳ್ಳುವುದು ಗಡಿ ರಾಜ್ಯ. 1996ರಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಸ್ವತಃ ಢಾಕಾದ ಜೊತೆ ಮಾತಿಗಿಳಿದಿದ್ದರಿಂದ ಕರಾರು ಸಾಧ್ಯವಾಯಿತು. 2011ರಲ್ಲಿ ಮನಮೋಹನ್ ಸಿಂಗ್ ಢಾಕಾಕ್ಕೆ ಹೊರಟಾಗ ಮಮತಾ ಬ್ಯಾನರ್ಜಿ ಹಿಂದೆ ಸರಿದರು. ತೀಸ್ತಾ ನದಿ ನೀರಿನ ಒಪ್ಪಂದ ಅಲ್ಲೇ ಕುಳಿತುಬಿಟ್ಟಿತು. ಫರಕ್ಕಾದಿಂದ ತನ್ನಲ್ಲಿ ಹೂಳು, ಪ್ರವಾಹ ಹೆಚ್ಚಿದೆ ಎಂದು ಬಿಹಾರ ದೂರುತ್ತಲೇ ಇದೆ. ಐದು ಸೂತ್ರಗಳಲ್ಲಿ ರಾಜ್ಯಗಳ ಪ್ರಸ್ತಾಪವೇ ಇಲ್ಲ. ರಾಜ್ಯಗಳ ಪಕ್ಷಗಳೇ ಸೇರಿ ಕಟ್ಟಿದ ಸರ್ಕಾರದ ವಿದೇಶಾಂಗ ನೀತಿಗೆ ಈ ಮಾತು ಹೊಳೆಯದೇ ಹೋದದ್ದು ಸೋಜಿಗ.

ಎರಡನೆಯ ಕುರುಡು, ದೇಶಕ್ಕೆ ಕೊಟ್ಟೆವು ಎಂದುಕೊಂಡು ಆಳುವವರಿಗೆ ಕೊಡುವುದು. ಇದಕ್ಕೆ ಗುಜ್ರಾಲರಿಗಿಂತ ಅವರ ನಂತರದವರೇ ಹೆಚ್ಚು ಹೊಣೆ. ಹಸೀನಾ 2009ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಬಂಡುಕೋರ ಸಂಘಟನೆ ಉಲ್ಫಾದ ನಾಯಕರು ಭಾರತದ ಕೈಸೇರಿದರು. ಎರಡನೆಯ ಸೂತ್ರ ಕೊನೆಗೂ ಫಲ ಕೊಟ್ಟಿತು ಎನಿಸಿತು. ಆದರೆ ಆ ಫಲ ನೇತಾಡುತ್ತಿದ್ದುದು ಒಬ್ಬ ನಾಯಕಿಯ ಕೊಂಬೆಗೆ. 2024ರ ಆಗಸ್ಟ್ 5ರಂದು ಅವರು ಢಾಕಾ ಬಿಟ್ಟು ಭಾರತಕ್ಕೆ ಬಂದಿಳಿದಾಗ, ಹದಿನೈದು ವರ್ಷಗಳ ಸ್ನೇಹ ಅಲ್ಲಿನ ಯುವಜನರ ಕಣ್ಣಿಗೆ ಸರ್ವಾಧಿಕಾರಕ್ಕೆ ಕೊಟ್ಟ ಬೆಂಬಲವಾಗಿ ಕಂಡಿತು.

ಪಾಕಿಸ್ತಾನದ ವಿಷಯದಲ್ಲಿ ಗುಜ್ರಾಲರ ಮೇಲಿನ ಆರೋಪ ಇನ್ನೂ ಗಂಭೀರ. ಅಲ್ಲಿದ್ದ ಭಾರತದ ಗುಪ್ತಚರ ಜಾಲವನ್ನು ಅವರೇ ಮುಚ್ಚಿಸಿದರು ಎಂದು ಹೇಳುವವರಿದ್ದಾರೆ. ಸಾರ್ವಜನಿಕ ದಾಖಲೆಯಿಲ್ಲದ ಆ ಆರೋಪವನ್ನು ಸಾಬೀತಾದ ಸಂಗತಿಯಂತೆ ತಕ್ಕಡಿಗೆ ಹಾಕಲಾಗದು. ದಾಖಲೆಯಲ್ಲಿರುವುದು ಇಷ್ಟು: 1997ರ ಮೇನಲ್ಲಿ ಮಾಲೆಯ ಸಾರ್ಕ್ ಶೃಂಗಸಭೆಯಲ್ಲಿ ಅವರು ನವಾಜ್ ಷರೀಫರನ್ನು ಕಂಡರು, ಜೂನ್‌ನಲ್ಲಿ ಇಸ್ಲಾಮಾಬಾದ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿಗಳು ಕಾಶ್ಮೀರ, ಸಿಯಾಚಿನ್, ಸರ್ ಕ್ರೀಕ್, ಭಯೋತ್ಪಾದನೆ ಸೇರಿ ಎಂಟು ವಿಷಯಗಳ ಪಟ್ಟಿ ಮಾಡಿದರು. ಅದರಿಂದ ಶಾಂತಿ ಬರಲಿಲ್ಲ. ಮರುವರ್ಷ ಅಣುಸ್ಫೋಟ, ಅದರ ಮರುವರ್ಷ ಕಾರ್ಗಿಲ್. ಆದರೂ 2004ರಲ್ಲಿ ಮಾತುಕತೆ ಮತ್ತೆ ಶುರುವಾದಾಗ ಅದೇ ಎಂಟು ವಿಷಯಗಳ ಚೌಕಟ್ಟು ಕೆಲಸಕ್ಕೆ ಬಂತು. ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂಬ 1988ರ ಒಪ್ಪಂದದಂತೆ 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ಸ್ಥಾವರಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ. ಯುದ್ಧ, ದಾಳಿ, ರಾಯಭಾರಿಗಳ ವಾಪಸಾತಿ ಯಾವುದೂ ಅದನ್ನು ನಿಲ್ಲಿಸಿಲ್ಲ. ಹಸ್ತಲಾಘವದ ಫೋಟೊಗಳಿಗಿಂತ ಇಂಥ ಗುಮಾಸ್ತಗಿರಿಗೆ ಆಯುಸ್ಸು ಹೆಚ್ಚು.

ಹಾಗಾದರೆ ಕರಾರಿಗೆ ಸಾವೇ ಇಲ್ಲವೇ? ಇದೆ. 1960ರ ಸಿಂಧೂ ಜಲ ಒಪ್ಪಂದ ಮೂರು ಯುದ್ಧಗಳನ್ನು ದಾಟಿ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ 26 ಮಂದಿ ಹತ್ಯೆಯಾದ ಮರುದಿನ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಭಯೋತ್ಪಾದನೆಗೆ ಬೆಲೆ ತೆರುವಂತೆ ಮಾಡುವುದು ನ್ಯಾಯವೇ ಆದರೂ ಈ ನಡೆಯನ್ನು ಗಮನಿಸಿದ್ದು ಇಸ್ಲಾಮಾಬಾದ್ ಒಂದೇ ಅಲ್ಲ. ನದಿಯ ಕೆಳಭಾಗದಲ್ಲಿರುವ ಪ್ರತಿ ನೆರೆ ದೇಶವೂ ತನ್ನ ಕರಾರನ್ನು ತೆರೆದು ಮತ್ತೊಮ್ಮೆ ಓದುವಂತಾಯಿತು.

ಗುಜ್ರಾಲ್ ಸಿದ್ಧಾಂತವನ್ನು ಟೀಕಿಸುತ್ತ ಬಂದ ಪಾಳಯವೇ ಅದರ ಅತ್ಯುತ್ತಮ ಅನ್ವಯವನ್ನು ಮಾಡಿ ತೋರಿಸಿದ್ದು ಸ್ವಾರಸ್ಯಕರ. 2014ರ ಜುಲೈಯಲ್ಲಿ ಬಂಗಾಳ ಕೊಲ್ಲಿಯ ಗಡಿ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ 25,602 ಚದರ ಕಿಲೋಮೀಟರ್‌ನಲ್ಲಿ 19,467 ಚದರ ಕಿಲೋಮೀಟರ್ ಬಾಂಗ್ಲಾದೇಶಕ್ಕೆ ಕೊಟ್ಟಿತು. ಮೋದಿ ಸರ್ಕಾರ ತಕರಾರು ತೆಗೆಯದೆ ತೀರ್ಪನ್ನು ಒಪ್ಪಿತು. 2015ರಲ್ಲಿ ಸಂವಿಧಾನದ 100ನೇ ತಿದ್ದುಪಡಿ ಒಂದೂ ವಿರೋಧ ಮತವಿಲ್ಲದೆ ಅಂಗೀಕಾರವಾಗಿ, ಒಂದು ದೇಶದೊಳಗೆ ಸಿಲುಕಿದ್ದ ಇನ್ನೊಂದು ದೇಶದ ನೆಲದ ತುಣುಕುಗಳಾದ 162 ಛಿಟ್‌ಮಹಲ್‌ಗಳ ವಿನಿಮಯವಾಯಿತು. ಬಾಂಗ್ಲಾದೇಶಕ್ಕೆ ಹೋದ ನೆಲ 17,160 ಎಕರೆ, ನಮಗೆ ಬಂದದ್ದು 7,110 ಎಕರೆ. ಎಕರೆ ಲೆಕ್ಕದಲ್ಲಿ ನಷ್ಟ. 1974ರಿಂದ ಬಾಕಿಯಿದ್ದ ಗಡಿ ವ್ಯಾಜ್ಯ ಮುಗಿದ ಲಾಭಕ್ಕೆ ಎಕರೆಯ ಅಳತೆಯಿಲ್ಲ. ಆದರೆ ಅದೇ ವರ್ಷ ನೇಪಾಳದ ಹೊಸ ಸಂವಿಧಾನದ ವಿಷಯದಲ್ಲಿ ಗಡಿಯಲ್ಲಿ ಸರಕು ತಿಂಗಳುಗಟ್ಟಲೆ ನಿಂತಿತು. ಅದು ತಾನು ಹೇರಿದ ದಿಗ್ಬಂಧನವಲ್ಲ ಎಂದು ದೆಹಲಿ ಹೇಳಿದ್ದನ್ನು ಕಠ್ಮಂಡುವಿನಲ್ಲಿ ನಂಬಿದವರು ಕಡಿಮೆ. 2016ರ ಮಾರ್ಚ್‌ನಲ್ಲಿ ನೇಪಾಳದ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಸರಕು ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದರು. ಗುಜ್ರಾಲ್ ಎಚ್ಚರಿಸಿದ್ದ ಬಾಗಿಲು ತೆರೆದದ್ದು ಹೀಗೆ.

ಮಾಲ್ದೀವ್ಸ್‌ನಲ್ಲಿ ದೆಹಲಿ ಹೆಚ್ಚು ಜಾಣತನ ತೋರಿತು. ಭಾರತೀಯ ಸೈನಿಕರು ಹೊರಡಲಿ ಎಂದು ಪ್ರಚಾರ ಮಾಡಿ ಗೆದ್ದ ಅಧ್ಯಕ್ಷ ಮುಯಿಝು ಜೊತೆ ಅದು ಜಗಳಕ್ಕಿಳಿಯಲಿಲ್ಲ. 2024ರ ಮೇ ವೇಳೆಗೆ ಸೈನಿಕರ ಜಾಗಕ್ಕೆ ನಾಗರಿಕ ತಂತ್ರಜ್ಞರನ್ನು ಕಳಿಸಿತು. ಅಕ್ಟೋಬರ್‌ನಲ್ಲಿ ಡಾಲರ್ ಕೊರತೆಯಿಂದ ಬಳಲುತ್ತಿದ್ದ ಆ ದೇಶಕ್ಕೆ 40 ಕೋಟಿ ಡಾಲರ್‌ಗಳ ಕರೆನ್ಸಿ ವಿನಿಮಯದ ನೆರವು ಕೊಟ್ಟಿತು. ಆಳುವವರು ನಮಗೆ ಹಿಡಿಸದಿದ್ದರೂ ದೇಶಕ್ಕೆ ಕೊಡಬಹುದು ಎಂಬ ಪಾಠ ಇಲ್ಲಿದೆ. ಗುಜ್ರಾಲರ ಮೊದಲ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗುವುದು ಕಷ್ಟ.

ಹಾಗಾಗಿ ನನ್ನ ತೀರ್ಪು ಇದು. ಪ್ರತಿಫಲ ಕೇಳದೆ ಕೊಡುವುದು ದೊಡ್ಡ ದೇಶಕ್ಕೆ ಭದ್ರತೆಯ ಖರ್ಚೇ ಹೊರತು ದಾನವಲ್ಲ. ಈ ಮಟ್ಟಿಗೆ ಗುಜ್ರಾಲ್ ಸರಿ. ಕೊಟ್ಟದ್ದು ಬಾಳಬೇಕಾದರೆ ಏನು ಬೇಕೆಂದು ಅವರ ಸೂತ್ರಗಳು ಹೇಳಲಿಲ್ಲ. ಅವರ ಕಾಲದ ಒಪ್ಪಂದ ಹೇಳಿತು. 2026ರ ಡಿಸೆಂಬರ್ ಗಂಗಾ ಒಪ್ಪಂದದ ಕೊನೆಯ ಗಡುವು. ನವೀಕರಣದ ಮೇಜಿನಲ್ಲಿ ಮೂರು ತಿದ್ದುಪಡಿಗಳು ಬೇಕು: ಇತ್ತೀಚಿನ ದಶಕಗಳ ಹರಿವಿನ ಲೆಕ್ಕ, 50,000 ಕ್ಯುಸೆಕ್‌ಗಿಂತ ಕೆಳಗಿಳಿದಾಗಲೂ ಅನ್ವಯವಾಗುವ ಸಂಕಷ್ಟ ಸೂತ್ರ, ಪಶ್ಚಿಮ ಬಂಗಾಳ ಮತ್ತು ಬಿಹಾರಗಳಿಗೆ ಮೊದಲ ದಿನದಿಂದಲೇ ಕುರ್ಚಿ. ಢಾಕಾದಲ್ಲಿ ಆಳುವವರು ಯಾರು, ಅವರಿಗೆ ನಮ್ಮ ಮೇಲೆ ಎಷ್ಟು ಅಕ್ಕರೆ ಎಂಬ ಲೆಕ್ಕ ಆ ಮೇಜಿಗೆ ಬರಬಾರದು. ನಮ್ಮನ್ನು ಇಷ್ಟಪಡದ ಸರ್ಕಾರದ ಜೊತೆಗೂ ನಡೆಯುವ ಕರಾರನ್ನು ಬರೆಯಲು ಸಾಧ್ಯವಾದರೆ ಗುಜ್ರಾಲ್ ಸಿದ್ಧಾಂತ ಗೆದ್ದಂತೆ. ಸ್ನೇಹಿತರ ಸರ್ಕಾರ ಬರಲೆಂದು ಕಾದು ಕೂತರೆ 1988ರ ನಂತರದ ಎಂಟು ವರ್ಷಗಳನ್ನು ಇನ್ನೊಮ್ಮೆ ಅನುಭವಿಸಬೇಕಾದೀತು.