ಗಿಬ್ಸನ್‌ನ ಮಾಯಾ ಜನ, ನಮ್ಮೂರ ಕೋಣ

ಮೆಲ್ ಗಿಬ್ಸನ್‌ನ 'ಅಪೋಕ್ಯಾಲಿಪ್ಟೋ' (2006) ಚಿತ್ರದ ಮಾತೆಲ್ಲ ಯುಕಾಟೆಕ್ ಮಾಯಾ ಭಾಷೆಯಲ್ಲೇ ಇದೆ. ಅಷ್ಟರಿಂದಲೇ ಇದು ಮಾಯಾ ಜನರ ಚಿತ್ರವೆಂದು ಹೊಗಳಿದವರುಂಟು. ಕಾಡಿನ ಹಳ್ಳಿಯೊಂದರ ಮೇಲೆ ನಗರದ ದಂಡು ಬೀಳುತ್ತದೆ. ಸಿಕ್ಕವರನ್ನು ಬಿಗಿದು ಎಳೆದೊಯ್ದು, ದೇಗುಲದ ತುದಿಯಲ್ಲಿ ಎದೆ ಬಗೆದು, ರುಂಡಗಳನ್ನು ಮೆಟ್ಟಿಲ ಮೇಲೆ ಉರುಳಿಸುತ್ತದೆ. ಗ್ರಹಣ ಹಿಡಿದಾಗ ಜನ ನಡುಗುತ್ತಾರೆ, ಅರಸ ಮತ್ತು ಪುರೋಹಿತ ಮಾತ್ರ ಕಣ್ಣಲ್ಲೇ ನಗುತ್ತಾರೆ. ಆ ನಗು ನಮಗೆ ಹೊಸದಲ್ಲ. ಇಡೀ ಚಿತ್ರದಲ್ಲಿ ನಾನು ಮೆಚ್ಚಿದ್ದು ಆ ಒಂದು ಗಳಿಗೆ.

ನಾಯಕ ತಪ್ಪಿಸಿಕೊಂಡು ಕಡಲದಂಡೆಗೆ ಬಂದಾಗ ಸ್ಪೇನಿನ ಹಡಗುಗಳು ಕಾಣುತ್ತವೆ. ಹೆಚ್ಚುಕಡಿಮೆ ಅಲ್ಲಿಗೆ ಚಿತ್ರ ಮುಗಿಯಿತು. ಹಡಗಿನಿಂದ ಇಳಿದವರು ಏನು ಮಾಡಿದರೆಂಬುದಕ್ಕೆ ಒಂದು ದೃಶ್ಯವೂ ಇಲ್ಲ. ನಾಗರಿಕತೆ ಒಳಗೇ ಹಾಳಾದ ಮೇಲಷ್ಟೇ ಹೊರಗಿನವರಿಗೆ ಸೋಲುತ್ತದೆ ಎಂಬರ್ಥದ ವಿಲ್ ಡ್ಯುರಾಂಟ್‌ನ ಮಾತನ್ನು ಗಿಬ್ಸನ್ ಮೊದಲಿಗೇ ಹಾಕಿಬಿಟ್ಟಿದ್ದಾನೆ. ಆದರೆ ದಕ್ಷಿಣದ ದೊಡ್ಡ ಮಾಯಾ ನಗರಗಳು ಪಾಳುಬಿದ್ದದ್ದು 9ನೇ ಶತಮಾನದ ಆಸುಪಾಸು, ಸ್ಪೇನಿನವರು ಬಂದದ್ದು 16ನೇ ಶತಮಾನದಲ್ಲಿ. 1562ರಲ್ಲಿ ಪಾದ್ರಿ ದಿಯೇಗೋ ದೆ ಲಾಂಡಾ ಮಾನಿ ಎಂಬ ಊರಲ್ಲಿ ಮಾಯಾ ಗ್ರಂಥಗಳನ್ನು ಸುಡಿಸಿದ. ಇವತ್ತು ಉಳಿದಿರುವುದು ನಾಲ್ಕೇ. ಗ್ವಾಟೆಮಾಲಾದ 36 ವರ್ಷಗಳ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಮಂದಿ ಮಾಯಾ ಜನವೆಂದು 1999ರಲ್ಲಿ ಅಲ್ಲಿನ ಸತ್ಯಶೋಧನಾ ಆಯೋಗ ಹೇಳಿತು. ಆ ಹಿಂಸೆಗೆ ದೇಗುಲವಿರಲಿಲ್ಲ, ಸಮವಸ್ತ್ರವಿತ್ತು.

ಗೋಕಾಕದಲ್ಲಿ ಈ ಚಿತ್ರವನ್ನು ಕೆಲ ವಿದ್ಯಾರ್ಥಿಗಳ ಜೊತೆ ನೋಡಿದೆ. ಹುಕ್ಕೇರಿ ಕಡೆಯ ಹುಡುಗನೊಬ್ಬ, "ಎಂಥಾ ಕಾಡಮಂದಿರೀ ಸರ, ಇವರು ಹಾಳಾಗಿದ್ದ ಚಲೋ ಆತು" ಅಂದ. ಗಿಬ್ಸನ್ ಗೆದ್ದದ್ದು ಇಲ್ಲಿ. ಮೂಡಲಗಿ ಕಡೆಯ ಹೊಲಗೇರಿಯಿಂದ ಬಂದ ಇನ್ನೊಬ್ಬ ಬಿಡಲಿಲ್ಲ. "ಹಂಗಾರ ನಮ್ಮ ದ್ಯಾಮವ್ವನ ಜಾತ್ರಿ ಯಾರರ ಹಿಂಗ ತಗದ್ರ ನಾವ್ ಹೆಂಗ ಕಾಣತೇವ್ರಿ?"

ಕಾಣುವುದು ಭಂಡಾರ, ರಕ್ತ, ಕೋಣದ ರುಂಡ. ಕ್ಯಾಮೆರಾಕ್ಕೆ ಸಿಗದಿರುವುದು ಅದರ ಹಿಂದಿನ ಕತೆ. ನಮ್ಮ ಭಾಗದಲ್ಲಿ ಹೇಳುವಂತೆ ದ್ಯಾಮವ್ವ ಬ್ರಾಹ್ಮಣರ ಮಗಳು. ಜಾತಿ ಮುಚ್ಚಿಟ್ಟು ಅವಳನ್ನು ಮದುವೆಯಾದವನು ಹೊಲೆಯ. ಗುಟ್ಟು ರಟ್ಟಾದಾಗ ಅವನು ಕೋಣದೊಳಗೆ ಹೊಕ್ಕ, ಅವಳು ಕಡಿದಳು. ಅಂದರೆ ಕೋಣ ಆ ಗಂಡನೇ. ಮೇಲಿನ ಜಾತಿಯ ಹೆಣ್ಣನ್ನು ಮದುವೆಯಾದ ತಪ್ಪಿಗೆ ಜಾತ್ರೆಗೊಮ್ಮೆ ಅವನ ಕೊಲೆ, ಅದಕ್ಕೆ ಹಲಗೆ ಬಾರಿಸುವವರು ನಮ್ಮವರೇ. 1959ರ ಪ್ರಾಣಿಬಲಿ ತಡೆ ಕಾಯ್ದೆಯಿಂದ ಎಷ್ಟೋ ಊರುಗಳಲ್ಲಿ ಕೋಣ ಕಡಿಯುವುದು ನಿಂತಿದೆ. ಕತೆ ನಿಂತಿಲ್ಲ. ಅಂತರಜಾತಿ ಮದುವೆಯಾದವರ ಕೊಲೆಗಳೂ ನಿಂತಿಲ್ಲ.

ನಮ್ಮ ಗೆಳೆಯರಲ್ಲಿ ಕೆಲವರು ಕೋಣದ ಸುದ್ದಿ ಎತ್ತಿದರೆ ನಾಚುತ್ತಾರೆ. ಕೆಲವರಿಗೆ ಅದು ಅಪ್ಪಟ ಮೂಲಸಂಸ್ಕೃತಿ, ಪ್ರಶ್ನಿಸಬಾರದು. ಎರಡೂ ನನಗೆ ಒಪ್ಪಿಗೆಯಿಲ್ಲ. ಮಾಯಾ ಜನ ನರಬಲಿ ಕೊಡುತ್ತಿದ್ದರು, ಚಿಚೆನ್ ಇಟ್ಜಾದಲ್ಲಿ ಎಲುಬುಗಳು ಸಿಕ್ಕಿವೆ. ಸುಳ್ಳು ಹೇಳಿ ಅವರ ಪರ ನಿಲ್ಲಬೇಕಾಗಿಲ್ಲ. ಆದರೆ ಯಾರು ಯಾರನ್ನು ಬಲಿ ಕೊಟ್ಟರು, ಅದರಿಂದ ಯಾರ ಗದ್ದುಗೆ ಗಟ್ಟಿಯಾಯಿತು ಅಂತ ಕೇಳಬೇಕಲ್ಲ? ಅದನ್ನು ಕೇಳದಿದ್ದರೆ ಹಿಂಸೆ ಆ ಜನರ ಹುಟ್ಟುಗುಣವಾಗಿಬಿಡುತ್ತದೆ.

'ಕಾಂತಾರ' (2022) ಗಿಬ್ಸನ್‌ನಂತೆ ಹೀಗಳೆಯುವುದಿಲ್ಲ, ಆರಾಧಿಸುತ್ತದೆ. ಗುಳಿಗನ ಅಬ್ಬರಕ್ಕೆ ನಾನೂ ಮೈಮರೆತೆ. ಆದರೆ ಕೊನೆಗೆ ಒಬ್ಬ ಸಾಹುಕಾರ ಸತ್ತು, ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ದೈವವೇ ಕೂಡಿಸಿದರೆ ಪ್ರಭುತ್ವದ ಜೊತೆಗಿನ ನೆಲದ ಜಗಳ ತೀರಿದಂತೆ. ದೈವ ಕಟ್ಟುವ ನಲಿಕೆ, ಪರವ, ಪಂಬದರು ವೇಷ ಕಳಚಿದ ಮೇಲೆ ಎಲ್ಲಿ ಕೂತು ಉಣ್ಣುತ್ತಾರೆ ಅಂತ ಯಾರೂ ಕೇಳುವುದಿಲ್ಲ.

ಮೂಡಲಗಿಯ ಹುಡುಗನಿಗೆ ಜಾತ್ರೆಯನ್ನು ಹಲಗೆ ಬಾರಿಸುವವರ ಕಡೆಯಿಂದ ಬರೆ ಅಂದೆ. ಎಂಟು ಪುಟ ಬರೆದಿದ್ದಾನೆ. ಕೋಣದ ಮಾತು ಎರಡೇ ಸಾಲು. ಉಳಿದದ್ದೆಲ್ಲ ಅವನ ಅಪ್ಪನಿಗೆ ಬರಬೇಕಾದ ಕಾಳುಕಡಿಯ ಲೆಕ್ಕ.