ಹಾಸ್ಟೆಲಿನಲ್ಲಿ ಬೆಳೆದ ‘ನಾನು’

ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳು ರಾಶಿ ಬಿದ್ದಿರುತ್ತವೆ. ನೀನು ಬದಲಾದರೆ ನಿನ್ನ ಬದುಕು ಬದಲಾಗುತ್ತದೆ ಎಂಬುದೇ ಅವುಗಳ ಸಾರ. ಬೆಳಿಗ್ಗೆ ಬೇಗ ಏಳು ಎನ್ನುತ್ತವೆ. ಎದ್ದವನ ಹೆಗಲ ಮೇಲೆ ನೊಗ ಇಟ್ಟವರು ಯಾರು ಎಂದು ಕೇಳುವುದಿಲ್ಲ. ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ಶುರುವಾಗುವುದೇ ನೊಗದಿಂದ. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಹೊಲವೊಂದರಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಜಾಗದಲ್ಲಿ ನಿಂತು ನೇಗಿಲು ಎಳೆಯುತ್ತಿದ್ದಾರೆ. ನೋಡುವ ಹುಡುಗನಿಗೆ ಮೊದಲು ಅದು ತಮಾಷೆ. ಅವರಲ್ಲಿ ಒಬ್ಬರು ತನ್ನ ಅಪ್ಪ ಎಂದು ತಿಳಿದಾಗ ಹೊಟ್ಟೆಯೊಳಗೆ ಸಂಕಟ.

ತಮಾಷೆ ಮೊದಲು, ಸಂಕಟ ಆಮೇಲೆ. ಇಡೀ ಪುಸ್ತಕ ಈ ಕ್ರಮದಲ್ಲೇ ನಡೆಯುತ್ತದೆ. ಇಲ್ಲಿನ ನಗುವನ್ನು ವಿಮರ್ಶಕ ಡಿ.ಆರ್. ನಾಗರಾಜ್ ಮೊದಲುಗೊಂಡು ಅನೇಕರು ಮೆಚ್ಚಿ ಚರ್ಚಿಸಿದ್ದಾರೆ, ಅದನ್ನು ಮತ್ತೆ ಹೊಗಳುವ ಅಗತ್ಯವಿಲ್ಲ. ನನಗೆ ಮುಖ್ಯವೆನಿಸುವುದು ಇನ್ನೊಂದು ಗುಣ. ಕೇರಿಯ ಹುಡುಗ ಕವಿಯಾಗಿ, ಪ್ರಾಧ್ಯಾಪಕನಾಗಿ, ವಿಧಾನ ಪರಿಷತ್ತಿನ ಸದಸ್ಯನಾಗಿ ಬೆಳೆದ ಕಥೆ ಇದು. ಆದರೂ ‘ನಾನು ಹೀಗೆ ಮೇಲೆ ಬಂದೆ’ ಎಂಬ ಧಾಟಿ ಮೊದಲ ಭಾಗದಲ್ಲಿ ಎಲ್ಲೂ ಸಿಗದು. ಮೇಲೆ ಬರಲು ಛಲ ಸಾಕು ಎಂದು ಅವರು ನಂಬಿದ್ದರೆ ಪುಸ್ತಕ ಬೇರೆಯದೇ ಆಗುತ್ತಿತ್ತು.

ಆ ಹುಡುಗನನ್ನು ಬೆಳೆಸಿದ್ದು ಬೆಂಗಳೂರಿನ ಸರ್ಕಾರಿ ಹಾಸ್ಟೆಲು. ಅರೆಹೊಟ್ಟೆ ಊಟ, ಅಡುಗೆಯವರೊಂದಿಗೆ ಜಗಳ, ಗೆಳೆಯರ ಚೇಷ್ಟೆ, ರಾತ್ರಿಯ ವಾಗ್ವಾದ. ಬೇರೆ ಬೇರೆ ಹಳ್ಳಿಗಳಲ್ಲಿ ಒಂದೇ ಬಗೆಯ ಅವಮಾನ ಉಂಡುಬಂದ ಹುಡುಗರು ಅಲ್ಲಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ತನ್ನ ಹಣೆಬರಹ ಎಂದುಕೊಂಡಿದ್ದು ಪಕ್ಕದ ಚಾಪೆಯವನ ಹಣೆಬರಹವೂ ಆಗಿದ್ದರೆ ಅದು ಹಣೆಬರಹವಲ್ಲ, ವ್ಯವಸ್ಥೆ ಎಂಬುದು ಉಪನ್ಯಾಸವಿಲ್ಲದೆಯೇ ತಿಳಿಯುತ್ತದೆ. ಭಾಷಣ ಕಲಿತದ್ದು, ಅಂಬೇಡ್ಕರ್ ಓದಿದ್ದು, ಪದ್ಯ ಕಟ್ಟಿದ್ದು ಎಲ್ಲವೂ ಈ ಸಹವಾಸದ ಒಳಗೇ. ಒಂಟಿಯಾಗಿ ಓದಬೇಕೆನಿಸಿದಾಗ ಹೋಗಲು ಸಿಕ್ಕ ನಿಶ್ಶಬ್ದ ಜಾಗ ಸ್ಮಶಾನ! ಓದುವ ಕೋಣೆಯೇ ಇಲ್ಲದವನ ಏಕಾಂತ ಅದು. ಅದನ್ನೂ ಲೇಖಕರು ದುಃಖವಿಲ್ಲದೆ, ಒಂದು ಸವಲತ್ತು ಎಂಬಂತೆ ವರ್ಣಿಸುತ್ತಾರೆ.

1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಮಾತಿನಿಂದ ಎದ್ದ ಗಲಭೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗೂ ಸಚಿವರ ರಾಜೀನಾಮೆಗೂ ಮುಟ್ಟಿತು. ಅದರ ಬೆನ್ನಿಗೇ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರಿಂದ ದಲಿತ ಸಂಘರ್ಷ ಸಮಿತಿ ರೂಪುಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂತು. ಅದರ ಪದ್ಯಗಳು ಪುಸ್ತಕದಿಂದ ಇಳಿದು ಮೆರವಣಿಗೆಗಳ ಬಾಯಿಗೆ ಹೋದವು. ಒಬ್ಬ ಹುಡುಗ ದನಿ ಪಡೆದದ್ದೂ ಒಂದು ಸಮುದಾಯ ದನಿ ಎತ್ತಿದ್ದೂ ಇಲ್ಲಿ ಬೇರೆ ಬೇರೆ ಘಟನೆಗಳಲ್ಲ. ಮೊದಲು ನಿನ್ನನ್ನು ತಿದ್ದಿಕೋ, ಆಮೇಲೆ ಸಮಾಜ ಎನ್ನುವವರಿಗೂ, ಹೋರಾಟಗಾರನಿಗೆ ಸ್ವಂತದ ಗೊಡವೆ ಯಾಕೆ ಎನ್ನುವವರಿಗೂ ‘ಊರುಕೇರಿ’ ಒಟ್ಟಿಗೇ ಉತ್ತರ ಕೊಡುತ್ತದೆ.

ಇಷ್ಟಾದರೂ ನನ್ನ ತಕರಾರು ಇದೆ. ಆ ಪದ್ಯಗಳ ಸಿಟ್ಟು ಈ ಗದ್ಯದಲ್ಲಿ ಎಲ್ಲಿ ಹೋಯಿತು? ನಗುವ ಹುಡುಗ ಕಿಡಿ ಕಾರುವ ಕವಿಯಾದದ್ದು ಯಾವ ರಾತ್ರಿ, ಯಾವ ಪೆಟ್ಟಿನಿಂದ ಎಂದು ಹುಡುಕಿದರೆ ಪುಸ್ತಕ ಇನ್ನೊಂದು ಪ್ರಸಂಗ ಹೇಳಿ ಜಾರಿಕೊಳ್ಳುತ್ತದೆ. ಒಳಗಿನ ಕುದಿತವನ್ನು ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ನೇರವಾಗಿ ಕಾಣಬಹುದು. ಅಲ್ಲಿ ಗಾಯ ಗಾಯವಾಗಿಯೇ ಉಳಿಯುತ್ತದೆ, ಪ್ರೀತಿಯ ನೆನಪು ಕೂಡ ಜಾತಿಯ ಗೋಡೆಗೆ ತಾಗಿ ನೋಯುತ್ತದೆ. ಸಿದ್ಧಲಿಂಗಯ್ಯನವರದು ಹಿಂಸಿಸಿದವನಿಗೆ ಕಣ್ಣೀರು ತೋರಿಸಲೊಲ್ಲದ ಸ್ವಾಭಿಮಾನ. ಗೌರವಿಸಬೇಕಾದದ್ದೇ, ಆದರೆ ಮೇಲ್ಜಾತಿಯ ಓದುಗ ನಕ್ಕು, ಹಗುರಾಗಿ, ಪುಸ್ತಕ ಮುಚ್ಚಿಡುವುದಕ್ಕೂ ಅದು ದಾರಿ ಮಾಡಿಕೊಡುತ್ತದೆ. ಮುಂದಿನ ಭಾಗಗಳಲ್ಲಿ, ಲೇಖಕರು ಅಧಿಕಾರದ ಹತ್ತಿರ ಬಂದಮೇಲೆ, ಈ ತೊಂದರೆ ಬಲಿಯುತ್ತದೆ. ಹಸಿದವನು ಒಡೆಯನನ್ನು ಕಂಡು ನಗುವುದರಲ್ಲಿ ಇರುವ ಕಸುವು ವಿಧಾನಸೌಧದ ಮೊಗಸಾಲೆಯ ಹಾಸ್ಯಕ್ಕೆ ಬಾರದು. ಚಳವಳಿ ಒಡೆದು ಬಣಗಳಾದ ಕಾಲದಲ್ಲಿ ಅದರೊಳಗಿದ್ದವರ ಮನಸ್ಸು ಏನಾಯಿತು ಎಂದು ಬರೆಯಬಲ್ಲವರೂ ಅವರೇ ಆಗಿದ್ದರು. ಅಲ್ಲಿ ಪ್ರಸಂಗಗಳು ಸಿಗುತ್ತವೆ, ಆತ್ಮಪರೀಕ್ಷೆ ಸಿಗುವುದಿಲ್ಲ.

ಇನ್ನೊಂದು ಕೊರತೆಯೂ ಕಾಣುತ್ತದೆ. ಅವ್ವಂದಿರು, ಅಜ್ಜಿಯರು ಪುಸ್ತಕದಲ್ಲಿ ಜೀವಂತವಾಗಿದ್ದಾರೆ, ಆದರೆ ಬೆಳವಣಿಗೆ ಗಂಡುಹುಡುಗರ ಪಾಲಿನದು. ಹಾಸ್ಟೆಲಿನ ಆ ಕೋಣೆ ಸಿಗದ ಅಕ್ಕತಂಗಿಯರು ಏನಾದರು ಎಂಬುದಕ್ಕೆ ಕೇರಿಯಲ್ಲಿ ಉತ್ತರವಿದ್ದೀತು, ‘ಊರುಕೇರಿ’ಯಲ್ಲಿ ಇಲ್ಲ.

ಹೊಸದಾಗಿ ಓದುವವರಿಗೆ ಒಂದು ಸೂಚನೆ: ಮೊದಲ ಭಾಗ ಮುಗಿಸಿ ನೇರ ಎರಡನೆಯದಕ್ಕೆ ಹೋಗಬೇಡಿ. ನಡುವೆ ‘ಹೊಲೆಮಾದಿಗರ ಹಾಡು’ ಓದಿ, ಸಾಧ್ಯವಾದರೆ ಗಟ್ಟಿಯಾಗಿ. ಗದ್ಯ ನುಂಗಿಕೊಂಡ ಸಿಟ್ಟು ಅಲ್ಲಿದೆ.